ಬಸ್ಸು ತುಂಬಾ ಬಂದವರಿಗೇ ಟ್ರೋಫಿಯೇ? ಈಜು ಕೂಟದಲ್ಲಿ ತಂಡದ ಅಂಕ ಹಾಕುವುದು ಹೀಗೆ

ಕಾಸರಗೋಡಿನ ಕಡೆ ಕೆರೆ, ಪಳ್ಳಗಳಲ್ಲಿ ಈಜು ಕಲಿತವರಿಗೆ ಬರವಿಲ್ಲ. ದೊಡ್ಡವರಿಗೊಂದು ಸ್ಪರ್ಧೆ ಇಡೋಣ ಎಂದರೆ ಕ್ಲಬ್‌ಗಳು ಖುಷಿಯಿಂದ ಬರುತ್ತವೆ, ಈಜೂ ಚೆನ್ನಾಗಿಯೇ ನಡೆಯುತ್ತದೆ. ಜಗಳ ಶುರುವಾಗುವುದು ಸಂಜೆ, ಸಮಗ್ರ ಪ್ರಶಸ್ತಿ ಘೋಷಿಸುವಾಗ. ಹೆಚ್ಚಿನ ಸಲ ಕಾರಣ ಒಂದೇ: ಅಂಕದ ನಿಯಮ ಬರೆದದ್ದೇ ಸ್ಪರ್ಧೆ ಮುಗಿದ ಮೇಲೆ.

ಹಾಗಾಗಿ ಮೊದಲ ಕೆಲಸ, ಹೆಸರು ನೋಂದಣಿ ಶುರುವಾಗುವ ಮೊದಲೇ ನಿಯಮವನ್ನು ಒಂದು ಪುಟದಲ್ಲಿ ಅಚ್ಚು ಹಾಕಿಸಿ. ಕನ್ನಡದಲ್ಲೂ ಇರಲಿ, ಮಲಯಾಳದಲ್ಲೂ ಇರಲಿ. ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಿದರೆ ಸಾಲದು.

ಎರಡನೆಯದು ವಯಸ್ಸಿನ ಗುಂಪು. 25–29, 30–34 ಹೀಗೆ ಐದೈದು ವರ್ಷಕ್ಕೆ ಒಂದು. ಆ ವರ್ಷದ ಡಿಸೆಂಬರ್ 31ಕ್ಕೆ ಎಷ್ಟು ವಯಸ್ಸೋ ಅದೇ ಲೆಕ್ಕ. 1985ರ ನವೆಂಬರ್‌ನಲ್ಲಿ ಹುಟ್ಟಿದವರು 2025ರ ಜನವರಿಯ ಕೂಟದಲ್ಲೂ 40–44ರ ಗುಂಪಿಗೇ ಸೇರುತ್ತಾರೆ.

ಮೂರನೆಯದು ಅಂಕ. ಕೊಳದಲ್ಲಿ ಎಂಟು ಲೇನ್ (ಒಬ್ಬೊಬ್ಬರು ಈಜುವ ಸಾಲು) ಇದ್ದರೆ ಮೊದಲ ಸ್ಥಾನದಿಂದ ಎಂಟನೆಯದರವರೆಗೆ ಕ್ರಮವಾಗಿ 9, 7, 6, 5, 4, 3, 2, 1. ರಿಲೇಗೆ ಇದರ ಎರಡರಷ್ಟು. ರಿಲೇಯಲ್ಲಿ ನಾಲ್ವರ ವಯಸ್ಸು ಕೂಡಿಸಿ ಗುಂಪು ಮಾಡುತ್ತಾರೆ: 27, 35, 48, 52 ಸೇರಿದರೆ 162, ಅದು 160–199ರ ಗುಂಪು. ಒಂದು ಗುಂಪಿನಲ್ಲಿ ಒಂದು ಕ್ಲಬ್‌ನ ಒಂದೇ ರಿಲೇ ತಂಡಕ್ಕೆ ಅಂಕ ಕೊಡಿ.

ಇನ್ನು ಎಲ್ಲರೂ ಎಡವುವ ಜಾಗ. ಮಂಗಳೂರಿನ ಕಡೆಯಿಂದ ಒಂದು ಕ್ಲಬ್ 30 ಜನರನ್ನು ಬಸ್ಸಿನಲ್ಲಿ ಕರೆತಂದು 186 ಅಂಕ ಗಳಿಸಿತು ಅಂದುಕೊಳ್ಳಿ. ಮುಳ್ಳೇರಿಯದಿಂದ ಜೀಪಿನಲ್ಲಿ ಬಂದ ಏಳು ಜನ 84 ಗಳಿಸಿದರು. ಬರೀ ಒಟ್ಟು ಅಂಕ ನೋಡಿದರೆ ಬಸ್ಸಿನವರು ನೀರಿಗಿಳಿಯುವ ಮೊದಲೇ ಗೆದ್ದಂತೆ. ಇದು ಅನ್ಯಾಯ ಎಂದು ಕೆಲವರು ಒಟ್ಟು ಅಂಕವನ್ನು ತಲೆಗೆ ಭಾಗಿಸುತ್ತಾರೆ. ಆಗ ಬಸ್ಸಿನವರಿಗೆ 6.2, ಜೀಪಿನವರಿಗೆ 12. ನ್ಯಾಯ ಸಿಕ್ಕಿತು ಅನ್ನಿಸುತ್ತದೆ, ಅಲ್ವಾ? ಆದರೆ ಆ ಏಳು ಜನರಲ್ಲಿ ಬರೀ 2 ಅಂಕ ಗಳಿಸಿದವರನ್ನು ಮನೆಯಲ್ಲೇ ಬಿಟ್ಟು ಬಂದಿದ್ದರೆ 82ನ್ನು ಆರರಿಂದ ಭಾಗಿಸಿ 13.67 ಆಗುತ್ತಿತ್ತು. ಅಂದರೆ ಹೊಸಬರನ್ನು, ನಿಧಾನಕ್ಕೆ ಈಜುವ ಅಕ್ಕಂದಿರನ್ನು ಬಿಟ್ಟು ಬಂದಷ್ಟೂ ಲಾಭ. ದೊಡ್ಡವರ ಕೂಟ ಇರುವುದೇ ಅವರಿಗಾಗಿ. ತಲೆಲೆಕ್ಕವನ್ನು ದಯವಿಟ್ಟು ಕೈಬಿಡಿ.

ನನ್ನ ಮಾತು ಕೇಳುವುದಾದರೆ ಹೀಗೆ ಮಾಡಿ. ನೋಂದಣಿ ಮುಗಿದ ದಿನ ಕ್ಲಬ್‌ಗಳನ್ನು ಜನರ ಸಂಖ್ಯೆಯ ಪ್ರಕಾರ ಸಾಲಾಗಿ ಬರೆಯಿರಿ. ಸಾಲನ್ನು ನಡುವೆ ಕತ್ತರಿಸಿ. ಮೇಲಿನ ಅರ್ಧಕ್ಕೆ ಒಂದು ಟ್ರೋಫಿ, ಕೆಳಗಿನ ಅರ್ಧಕ್ಕೆ ಇನ್ನೊಂದು, ಎರಡೂ ಒಂದೇ ಗಾತ್ರದ್ದು. ‘ಹತ್ತು ಜನದೊಳಗೆ ಸಣ್ಣ ಕ್ಲಬ್’ ಎಂದು ಮೊದಲೇ ಹೇಳಿದರೆ ಹನ್ನೊಂದು ಜನ ಇರುವವರು ಒಬ್ಬರನ್ನು ಬಿಡುತ್ತಾರೆ. ಗೆರೆ ಎಲ್ಲಿ ಬೀಳುತ್ತದೆ ಎಂದು ಗೊತ್ತಿಲ್ಲದಿದ್ದರೆ ಯಾರನ್ನೂ ಬಿಡುವುದಿಲ್ಲ. ಜೊತೆಗೆ, ಒಂದು ವಯಸ್ಸಿನ ಗುಂಪಿನ ಒಂದು ಸ್ಪರ್ಧೆಯಲ್ಲಿ ಒಂದು ಕ್ಲಬ್‌ನ ಇಬ್ಬರಿಗೆ ಮಾತ್ರ ತಂಡದ ಅಂಕ. ಅದೇ ಕ್ಲಬ್‌ನವರು ಮೂರನೇ ಸ್ಥಾನವನ್ನೂ ಪಡೆದರೆ ಪದಕ ಅವರಿಗೇ, ಅಂಕ ಮಾತ್ರ ಅವರ ಹಿಂದೆ ಬಂದ ಬೇರೆ ಕ್ಲಬ್‌ನವರಿಗೆ.

70–74ರ ಗುಂಪಿನಲ್ಲಿ ಒಬ್ಬರೇ ಈಜಿದರೆ? ಪೂರ್ತಿ 9 ಅಂಕ ಕೊಡಿ. ಎದುರಾಳಿ ಬಾರದಿದ್ದುದು ಅವರ ತಪ್ಪಲ್ಲ. ಆ ವಯಸ್ಸಿನಲ್ಲಿ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಮುಗಿಸಿದವರ ಅಂಕ ಕಡಿತ ಮಾಡುವುದು ನನಗೆ ಒಪ್ಪಿಗೆಯಿಲ್ಲ.

ಸಮಯ ಹಿಡಿಯುವಾಗ ಒಂದು ಲೇನಿಗೆ ಮೂರು ಸ್ಟಾಪ್‌ವಾಚ್ ಇದ್ದರೆ ನಡುವಿನದ್ದು ಸರಿ, ಎರಡಿದ್ದರೆ ಸರಾಸರಿ. ಫೋನಿನ ಸ್ಟಾಪ್‌ವಾಚ್ ಬೇಡ. ಒದ್ದೆ ಬೆರಳಿಗೆ ಅದು ನಿಲ್ಲುವುದೇ ಇಲ್ಲ.

ಎಕ್ಸೆಲ್ ಬಳಸುವವರು ಇಲ್ಲಿ ಜಾಗ್ರತೆ. ರ‍್ಯಾಂಕ್ ಫಾರ್ಮುಲಾವನ್ನು ಸುಮ್ನೆ ಹಾಕಿದರೆ ಅದು ದೊಡ್ಡ ಸಂಖ್ಯೆಗೆ ಮೊದಲ ಸ್ಥಾನ ಕೊಡುತ್ತದೆ, ಅಂದರೆ ಕೊನೆಗೆ ಬಂದವರೇ ಮೊದಲಿಗರು. ಫಾರ್ಮುಲಾದ ಆವರಣದೊಳಗೇ, ಕೊನೆಗೆ ಒಂದು ಅಲ್ಪವಿರಾಮ ಹಾಕಿ 1 ಎಂದು ಬರೆಯಿರಿ, ಆಗ ಕಡಿಮೆ ಸಮಯದವರು ಮೊದಲಾಗುತ್ತಾರೆ. ಅನರ್ಹರಾದವರ ಸಮಯದ ಜಾಗದಲ್ಲಿ 0 ಹಾಕಬೇಡಿ, ಅವರು ಮೊದಲ ಸ್ಥಾನಕ್ಕೆ ಹೋಗಿ ಕೂರುತ್ತಾರೆ. ‘ಅನರ್ಹ’ ಎಂದು ಅಕ್ಷರದಲ್ಲೇ ಬರೆಯಿರಿ. ಇಬ್ಬರು ಸಮಸಮ ಬಂದರೆ ಇಬ್ಬರಿಗೂ 9 ಬರುತ್ತದೆ. ಅದು ತಪ್ಪು. 9 ಮತ್ತು 7 ಕೂಡಿಸಿ ತಲಾ 8 ಕೊಡಬೇಕು. ಎರಡನೇ ಸ್ಥಾನ ಯಾರಿಗೂ ಇಲ್ಲ, ಮುಂದಿನವರು ಮೂರನೆಯವರು. ಇದನ್ನು ಕೈಯಲ್ಲೇ ತಿದ್ದಿ.

ಬಹುಮಾನಕ್ಕೆ ಆಳೆತ್ತರದ ಪ್ಲಾಸ್ಟಿಕ್ ಟ್ರೋಫಿ ತರಬೇಡಿ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಚಿನ್ನದ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಸಣ್ಣ ಹಿತ್ತಾಳೆಯದ್ದು ಸಾಕು. ಉಳಿದ ದುಡ್ಡಿನಲ್ಲಿ ಈಜಿ ಮುಗಿಸಿದ ಎಲ್ಲರಿಗೂ ಹೆಸರು, ಸಮಯ ಬರೆದ ಪ್ರಮಾಣಪತ್ರ ಕೊಡಿ.

ಕೊನೆಯದಾಗಿ, ಪ್ರತಿ ಸ್ಪರ್ಧೆಯ ಫಲಿತಾಂಶದ ಹಾಳೆಯನ್ನು ಕೂಡಲೇ ಗೋಡೆಗೆ ಅಂಟಿಸಿ. ಆಕ್ಷೇಪಕ್ಕೆ 30 ನಿಮಿಷ ಬಿಡಿ. ಆಕ್ಷೇಪ ಬರವಣಿಗೆಯಲ್ಲೇ ಬರಲಿ, ಕ್ಲಬ್‌ನ ಮ್ಯಾನೇಜರ್ ಸಹಿ ಇರಲಿ. ಕೊನೆಯ ಸ್ಪರ್ಧೆಯ 30 ನಿಮಿಷ ಮುಗಿಯುವ ತನಕ ಮುಖ್ಯ ಅತಿಥಿಗಳನ್ನು ವೇದಿಕೆಗೆ ಕರೆಯಬೇಡಿ, ಅವರಿಗೆ ಎಷ್ಟೇ ಅವಸರವಿದ್ದರೂ ಸರಿ.