140 ಅಂತ ಬರೆದಿದ್ದೆ, ಉತ್ತರ 80

ವಿದೇಶದಲ್ಲಿ ಸ್ನಾತಕೋತ್ತರ ಓದಿಗೆ ಸೇರಲು ಬರೆಯುವ ಜಿಆರ್‌ಇ ಪರೀಕ್ಷೆಗೆ ಓದುವಾಗ ನನ್ನನ್ನು ಜಾಸ್ತಿ ಸತಾಯಿಸಿದ್ದು ಎಣಿಕೆಯ ಲೆಕ್ಕಗಳು, ಅಂದರೆ ಎಷ್ಟು ರೀತಿ ಆರಿಸಬಹುದು, ಜೋಡಿಸಬಹುದು ಅನ್ನುವಂಥವು. ಸಮೀಕರಣ ಬಿಡಿಸುವಾಗ ತಪ್ಪಿದರೆ ಬಂದ ಬೆಲೆಯನ್ನು ತಿರುಗಿ ಹಾಕಿ ನೋಡಬಹುದು, ತಾಳೆಯಾಗದಿದ್ದರೆ ಗೊತ್ತಾಗುತ್ತದೆ. ಇಲ್ಲಿ ಹಾಗಲ್ಲ. ನನ್ನ ತಪ್ಪು ಉತ್ತರವೂ ಎಷ್ಟೋ ಸಲ ಆಯ್ಕೆಗಳ ನಡುವೆ ಸುಮ್ನೆ ಕೂತಿರುತ್ತಿತ್ತು.

ಸೂತ್ರಗಳೇನೋ ಬಾಯಿಪಾಠ. ಪ್ರಶ್ನೆ ಓದಿದ ಕೂಡಲೇ 'ಇದು ಎನ್‌ಪಿಆರಾ, ಎನ್‌ಸಿಆರಾ?' ಅಂತ ಕೇಳಿಕೊಳ್ಳುತ್ತಿದ್ದೆ. ಎನ್ ಜನರಲ್ಲಿ ಆರ್ ಜನರನ್ನು ಆರಿಸುವಾಗ ಯಾರು ಮೊದಲು, ಯಾರು ಆಮೇಲೆ ಅನ್ನುವುದೂ ಲೆಕ್ಕಕ್ಕೆ ಬಂದರೆ ಎನ್‌ಪಿಆರ್, ಬರದಿದ್ದರೆ ಎನ್‌ಸಿಆರ್. ಎಡವುತ್ತಿದ್ದದ್ದೇ ಅಲ್ಲಿ.

ಕಣ್ಣು ತೆರೆಸಿದ ಲೆಕ್ಕ ಇದು: 4 ಗಂಡಸರು, 5 ಹೆಂಗಸರು. ಮೂವರ ಸಮಿತಿ ಮಾಡಬೇಕು, ಕನಿಷ್ಠ ಒಬ್ಬ ಹೆಂಗಸಾದರೂ ಇರಬೇಕು. ನಾನು ಮೊದಲು ಒಬ್ಬ ಹೆಂಗಸನ್ನು ಆರಿಸಿದೆ, 5 ದಾರಿ. ಉಳಿದ 8 ಜನರಲ್ಲಿ ಯಾರಾದರೂ ಇಬ್ಬರು, 28 ದಾರಿ. ಗುಣಿಸಿದರೆ 140. ಸರಿಯಾಗೇ ಕಾಣುತ್ತದೆ, ಅಲ್ವಾ? ಆದರೆ ಯಾವ ಷರತ್ತೂ ಇಲ್ಲದೆ 9 ಜನರಲ್ಲಿ ಮೂವರನ್ನು ಆರಿಸಿದರೂ ಬರುವುದು 84. ಷರತ್ತು ಹಾಕಿದ ಮೇಲೆ ಅದು ಹೆಚ್ಚಾಗುವುದು ಹೇಗೆ?

ಪೆನ್ನು ಹಿಡಿದು ಒಂದೇ ಒಂದು ಸಮಿತಿ ಬರೆದೆ. ಕ, ಗ ಹೆಂಗಸರು, ಚ ಗಂಡಸು. ಮೊದಲು ಕ, ಆಮೇಲೆ ಗ ಮತ್ತು ಚ ಅಂತ ಒಂದು ಸಲ ಎಣಿಸಿದ್ದೆ. ಮೊದಲು ಗ, ಆಮೇಲೆ ಕ ಮತ್ತು ಚ ಅಂತ ಇನ್ನೊಂದು ಸಲ. ಸಮಿತಿ ಅದೇ! ಮೂವರೂ ಹೆಂಗಸರಾದರೆ ಅದೇ ಸಮಿತಿ ಮೂರು ಸಲ ಲೆಕ್ಕಕ್ಕೆ ಬರುತ್ತದೆ. ಒಬ್ಬ ಹೆಂಗಸಿರುವ ಸಮಿತಿ 30, ಇಬ್ಬರಿರುವುದು 40, ಮೂವರಿರುವುದು 10, ಒಟ್ಟು 80. ನಾನು ಎಣಿಸಿದ್ದು 30, 80, 30. ಕೂಡಿದರೆ ಕರೆಕ್ಟಾಗಿ 140. ತಪ್ಪು ಎಲ್ಲಿಂದ ಬಂತು ಅಂತ ಅಷ್ಟು ಸ್ಪಷ್ಟವಾಗಿ ಕಂಡದ್ದು ಅದೇ ಮೊದಲು. ಹತ್ತಿರದ ದಾರಿ ಬೇಕಿದ್ದರೆ, 84ರಲ್ಲಿ ಬರೀ ಗಂಡಸರ 4 ಸಮಿತಿ ಕಳೆದರೆ ಮುಗಿಯಿತು.

ಅಂದಿನಿಂದ ಸೂತ್ರ ಮುಟ್ಟುವ ಮೊದಲು ಒಂದು ಮಾದರಿ ಉತ್ತರ ಬರೆಯುತ್ತೇನೆ. ನನ್ನ ಎಣಿಕೆಯಲ್ಲಿ ಇದೇ ಉತ್ತರ ಬೇರೆ ದಾರಿಯಿಂದ ಮತ್ತೆ ಬರುತ್ತದಾ ಅಂತ ನೋಡುತ್ತೇನೆ. ಒಂದು ಪ್ರಶ್ನೆಗೆ ಎರಡು ನಿಮಿಷವೂ ಸಿಗದ ಪರೀಕ್ಷೆ, ನಿಜ. ಆದರೂ ಇದಕ್ಕೆ ಬೇಕಾಗುವುದು ಹತ್ತು ಸೆಕೆಂಡು.

ಅನುಮಾನ ಬಂದರೆ ಸಂಖ್ಯೆಯನ್ನು ಚಿಕ್ಕದು ಮಾಡುತ್ತೇನೆ. 6 ಜನರನ್ನು ಮೂರು ಜೋಡಿ ಮಾಡಬೇಕು ಅಂದಾಗ, ಮೊದಲ ಜೋಡಿಗೆ 15 ದಾರಿ, ಉಳಿದ ನಾಲ್ವರಲ್ಲಿ ಎರಡನೇ ಜೋಡಿಗೆ 6, ಕೊನೆಯದಕ್ಕೆ 1, ಹೀಗೆ 15 × 6 × 1 = 90 ಅಂತ ಬಂತು. 4 ಜನರನ್ನಿಟ್ಟು ನೋಡಿದೆ. ನನ್ನ ವಿಧಾನ 6 ಅಂದಿತು, ಕೈಯಲ್ಲಿ ಬರೆದರೆ 3 ಮಾತ್ರ. ಜೋಡಿಗಳಿಗೆ ಹೆಸರಿಲ್ಲದಿದ್ದರೂ ಮೊದಲನೇದು, ಎರಡನೇದು ಅಂತ ನಾನೇ ಸಾಲು ಹಚ್ಚಿದ್ದೆ. ಮೂರು ಜೋಡಿಗೆ ಅಂಥ ಸಾಲು 6. 90ನ್ನು 6ರಿಂದ ಭಾಗಿಸಿದರೆ 15.

ಅಂಕಿ ಜೋಡಿಸುವ ಲೆಕ್ಕದಲ್ಲಿ ಕಾಟ ಕೊಡುವ ಜಾಗವನ್ನು ಮೊದಲು ತುಂಬುತ್ತೇನೆ. ಅಂಕಿ ಮರುಕಳಿಸದ ಮೂರಂಕಿಯ ಸಮ ಸಂಖ್ಯೆ ಎಷ್ಟು? ಕೊನೆಗೆ 0 ಇದ್ದರೆ 9 × 8 = 72, ಬೇರೆ ಸಮ ಅಂಕಿ ಇದ್ದರೆ 4 × 8 × 8 = 256, ಒಟ್ಟು 328. 0 ಮೊದಲ ಜಾಗಕ್ಕೆ ಬರುವಂತಿಲ್ಲ, ಅದಕ್ಕೇ ಅದರದ್ದು ಬೇರೆ ಲೆಕ್ಕ.

ದುಂಡು ಮೇಜಿನ ಸುತ್ತ ಕೂರಿಸುವ ಲೆಕ್ಕ ಬಂದರೆ ಈಗಲೂ ಸೂತ್ರ ನೆನಪಿಸಿಕೊಳ್ಳುವುದಿಲ್ಲ. ಒಬ್ಬರನ್ನು ಒಂದು ಕುರ್ಚಿಗೆ ಅಂಟಿಸಿಬಿಡುತ್ತೇನೆ, ಮಿಕ್ಕವರನ್ನಷ್ಟೇ ಕದಲಿಸುತ್ತೇನೆ. 5 ಜನರಿದ್ದರೆ 4 × 3 × 2 × 1 = 24.