ಸಿಟ್ಟು ಬಂದಿದೆ, ಹೋಗುವವರೆಗೆ ಕುಳಿತಿರೋಣ

ಮಕ್ಕಳಿಗೆ ಸಿಟ್ಟು ಬಂದಾಗ ಹೊಡೆಯದೆ, ಅದು ಹೋಗುವವರೆಗೆ ಪಕ್ಕದಲ್ಲಿ ಕುಳಿತಿರುವುದನ್ನು ಎರಡೂವರೆ ವರ್ಷದ ಹಿಂದೆ ನಾನು ಶುರುಮಾಡಿದಾಗ ಮನೆಯಲ್ಲಿ ನನ್ನ ಪರ ನಿಂತವರು ಯಾರೂ ಇರಲಿಲ್ಲ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಎಂದು ಅಮ್ಮ ಕೇಳಿದರು. ಮೇಷ್ಟ್ರಾಗಿರುವ ಭಾವ, "ಎರಡು ಬಿಗಿದರೆ ಮುಗಿಯುವ ವಿಷಯಕ್ಕೆ ಇಷ್ಟು ರಗಳೆ ಏಕೆ?" ಎಂದರು. ಹೆಂಡತಿ ಬಾಯಿಬಿಟ್ಟು ಏನೂ ಹೇಳಲಿಲ್ಲ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವಳ ಮುಖದಲ್ಲೇ ಸಂಶಯ ಕಾಣುತ್ತಿತ್ತು. ಈಗ ಅದೇ ಭಾವ ತಮ್ಮ ಮಗಳ ವಿಷಯಕ್ಕೆ ನನಗೆ ಫೋನ್ ಮಾಡಿ, "ಭಾವನೆಗಳ ಹೆಸರಿನ ಆ ಚೀಟಿಗಳನ್ನು ನನಗೂ ಒಂದು ಸೆಟ್ ಮಾಡಿಕೊಡು" ಎನ್ನುತ್ತಾರೆ. ಹಾಗಾಗಿ ಬರೆದಿಡೋಣ ಎನಿಸಿತು.

ದನಿ ತಗ್ಗಿಸಬೇಕು, ಮಗುವಿನ ಎತ್ತರಕ್ಕೆ ಕುಳಿತು ಮಾತನಾಡಬೇಕು, ಅದರ ಭಾವನೆಗೆ ಹೆಸರು ಕೊಡಬೇಕು ಎಂಬುದೆಲ್ಲ ಇದನ್ನು ಓದುವ ಅಪ್ಪ ಅಮ್ಮಂದಿರಿಗೆ ಗೊತ್ತಿರುವುದೇ. ನನಗೂ ಗೊತ್ತಿತ್ತು. ಗೊತ್ತಿದ್ದೂ ಸಂಜೆ ಆರು ಗಂಟೆಗೆ ಎಲ್ಲ ಕೈಕೊಡುತ್ತಿತ್ತು.

ಶಿವಮೊಗ್ಗದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ನನ್ನ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಜೆರಾಕ್ಸ್, ಲ್ಯಾಮಿನೇಷನ್. ಮಕ್ಕಳು ಶಾಲೆಯಿಂದ ಬಂದ ಮೇಲೆ ಇಬ್ಬರೂ ನನ್ನ ಸುಪರ್ದಿಗೆ. ಆಗ ಮಗಳಿಗೆ ಒಂಬತ್ತು, ಮಗನಿಗೆ ಐದೂವರೆ. ಮಗಳು ಮುನಿಸಿಕೊಂಡರೆ ಎರಡು ದಿನ ಮಾತು ಬಿಡುವವಳು. ಮಗ ಸಿಕ್ಕಿದ್ದನ್ನು ಎಸೆಯುವವನು. ಮದುವೆಯ ಹಂಗಾಮಿನಲ್ಲಿ ಒಂದು ದಿನ ಮೊಬೈಲ್ ಕೊಡಲಿಲ್ಲ ಎಂದು ಒಂದು ಚೊಂಬು ನೀರನ್ನು ಅಂದೇ ಕೊಡಬೇಕಾಗಿದ್ದ ಲಗ್ನಪತ್ರಿಕೆಯ ಕಟ್ಟಿನ ಮೇಲೆ ಸುರಿದ. ಮುನ್ನೂರು ಪತ್ರಿಕೆ, ಕಾಗದ, ಮುದ್ರಣ, ಲಕೋಟೆ ಎಲ್ಲ ಸೇರಿ ಮೂರೂವರೆ ಸಾವಿರ ನೀರಿನಲ್ಲಿ ಹೋಯಿತು. ನಾನು ಹೊಡೆದೆ, ಜೋರಾಗಿಯೇ ಹೊಡೆದೆ. ಆಮೇಲೆ ಅವನು ಕಾಣಲಿಲ್ಲ. ಹುಡುಕಿದರೆ ಕಟಿಂಗ್ ಮೇಜಿನ ಕೆಳಗೆ, ಕಾಗದದ ರೀಮುಗಳ ಸಂದಿಯಲ್ಲಿ, ಮೊಣಕಾಲಿಗೆ ಮುಖ ಕೊಟ್ಟು ಕುಳಿತಿದ್ದ. ಚಡ್ಡಿ ಒದ್ದೆಯಾಗಿತ್ತು. ನಾನು ಕೈ ಚಾಚಿದ ಕೂಡಲೇ ತಲೆಯ ಮೇಲೆ ಕೈ ಅಡ್ಡ ಹಿಡಿದ. ಆ ಕೈ ಈಗಲೂ ನನ್ನ ಕಣ್ಣ ಮುಂದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಶಾಲೆಯಲ್ಲಿ ಮಕ್ಕಳಿಗೆ ಹೊಡೆಯುವಂತಿಲ್ಲ, ಮಾನಸಿಕವಾಗಿ ಹಿಂಸಿಸುವಂತಿಲ್ಲ ಎನ್ನುತ್ತದೆ. ಮೇಷ್ಟ್ರು ಮಾಡಬಾರದ್ದನ್ನು ಅಪ್ಪ ಮಾಡಬಹುದೇ ಎಂಬ ಪ್ರಶ್ನೆಗೆ ಅಂದು ರಾತ್ರಿ ನನ್ನಲ್ಲಿ ಉತ್ತರವಿರಲಿಲ್ಲ.

ಮೊದಲ ಆರು ತಿಂಗಳು ಸುರಿದ ಹಣದ ಲೆಕ್ಕ ಹೀಗಿದೆ. ಆರು ವಾರದ ಆನ್‌ಲೈನ್ ತರಗತಿಗೆ ಸುಮಾರು 4,500. ಹೇಳಿದ್ದೆಲ್ಲ ಸರಿಯೇ, ಆದರೆ ಅದರಲ್ಲಿದ್ದ ಮಾತುಗಳು ನನ್ನ ಬಾಯಲ್ಲಿ ಕೂರಲಿಲ್ಲ. "ನಿನ್ನ ಭಾವನೆಯನ್ನು ನಾನು ಅರ್ಥಮಾಡಿಕೊಳ್ಳುತ್ತೇನೆ" ಎಂದು ಅಳುತ್ತಿರುವ ಹುಡುಗನಿಗೆ ಹೇಳಿದರೆ, ಅವನು ನಾಟಕದ ಸಾಲು ಕೇಳಿದವನಂತೆ ನನ್ನನ್ನು ನೋಡಿ ಇನ್ನೂ ಜೋರಾಗಿ ಅತ್ತ. ತರಿಸಿದ ಇಂಗ್ಲಿಷ್ ಚಿತ್ರದ ಕಾರ್ಡುಗಳಿಗೆ 800ರ ಆಸುಪಾಸು, ಅವು ಕಪಾಟಿನಲ್ಲಿವೆ. ಆಮೇಲೆ ನಕ್ಷತ್ರದ ಪಟ್ಟಿ: ಎಸೆಯದೆ ಕಳೆದ ದಿನಕ್ಕೆ ಒಂದು ನಕ್ಷತ್ರ, ಹತ್ತು ನಕ್ಷತ್ರಕ್ಕೆ ಐವತ್ತು ರೂಪಾಯಿ. ಮೂರನೇ ವಾರಕ್ಕೆ ಮಗ, "ಇವತ್ತು ಎಸೆಯುವುದಿಲ್ಲ, ಎರಡು ನಕ್ಷತ್ರ ಕೊಡುತ್ತೀಯಾ?" ಎಂದು ಚೌಕಾಸಿಗೆ ಇಳಿದ. ಪಟ್ಟಿ ಹರಿದುಹಾಕಿದೆ. ಮೂಲೆಯಲ್ಲಿ ಕೂರಿಸುವುದನ್ನೂ ನೋಡಿದೆ. ಮೂಲೆಯಲ್ಲಿ ಕುಳಿತವನು ಗೋಡೆಯ ಸುಣ್ಣ ಕೆರೆಯುತ್ತಾ ಸಿಟ್ಟನ್ನು ಇನ್ನಷ್ಟು ಬೆಳೆಸಿಕೊಂಡು ಎದ್ದ. ದೀರ್ಘ ಉಸಿರಾಟ ಹೇಳಿಕೊಟ್ಟರೆ "ಉಸಿರು ಬೇಡ!" ಎಂದು ಕಿರುಚಿದ.

ದಾರಿ ತೋರಿಸಿದ್ದು ನಮ್ಮ ಮಾತೇ. ಕನ್ನಡದಲ್ಲಿ ನಾವು "ನಾನು ಸಿಟ್ಟು" ಎನ್ನುವುದಿಲ್ಲ, "ನನಗೆ ಸಿಟ್ಟು ಬಂತು" ಎನ್ನುತ್ತೇವೆ. ಸಿಟ್ಟು ಬರುತ್ತದೆ, ಅಳು ಬರುತ್ತದೆ, ನಾಚಿಕೆಯಾಗುತ್ತದೆ. ಬಂದದ್ದು ಹೋಗಲೇಬೇಕು. ಒಂದು ಸಂಜೆ ಪ್ರೂಫ್ ನೋಡುತ್ತಾ ಕುಳಿತಿದ್ದಾಗ ಇದು ಹೊಳೆಯಿತು, ಕೆಲಸ ಬಿಟ್ಟು ಎದ್ದು ಓಡಾಡಿದೆ. ಅಲ್ಲಿಯವರೆಗೆ ನಾನು ಮಗನನ್ನು "ಹಠಮಾರಿ" ಎನ್ನುತ್ತಿದ್ದೆ. ಹಠಮಾರಿ ಎಂದರೆ ಬಂದು ಹೋಗುವ ಸಿಟ್ಟಲ್ಲ, ಹುಡುಗನೇ. ಹುಡುಗ ಎಲ್ಲಿಗೆ ಹೋಗಬೇಕು? ಮರುದಿನದಿಂದ ಆ ಶಬ್ದವನ್ನು ಮನೆಯಲ್ಲಿ ನಿಲ್ಲಿಸಿದೆ. ಅಮ್ಮನಿಗೂ ಕೈಮುಗಿದು ಹೇಳಿದೆ. ಅವನು ಎಸೆಯಲು ಹೊರಟಾಗ ಪಕ್ಕದಲ್ಲಿ, ಒಂದು ಮೊಳ ದೂರದಲ್ಲಿ ನೆಲದ ಮೇಲೆ ಕುಳಿತು, ಅವನ ಮುಖ ನೋಡದೆ, "ಸಿಟ್ಟು ಬಂದಿದೆ. ಹೋಗುವವರೆಗೆ ಕುಳಿತಿರೋಣ" ಎಂದಷ್ಟೇ ಹೇಳತೊಡಗಿದೆ. ಎಸೆಯಬಹುದಾದ ವಸ್ತುಗಳನ್ನು ಮೊದಲೇ ಎತ್ತರದಲ್ಲಿ ಇಟ್ಟಿರುತ್ತಿದ್ದೆ. ಹೊಡೆಯಲು ಬಂದರೆ ಕೈ ಹಿಡಿಯುತ್ತಿದ್ದೆ, ಮಾತು ಸೇರಿಸುತ್ತಿರಲಿಲ್ಲ. ಮೊಬೈಲ್ ಮಾತ್ರ ಯಾವತ್ತೂ ಕೊಡಲಿಲ್ಲ. ಸಿಟ್ಟಿಗೆ ಜಾಗ ಕೊಟ್ಟೆನೆಂದರೆ ಬೇಡಿದ್ದಕ್ಕೆಲ್ಲ ತಲೆಯಾಡಿಸಿದೆನೆಂದಲ್ಲ. ಇದನ್ನು ಭಾವನಿಗೆ ಹತ್ತು ಸಲ ಹೇಳಬೇಕಾಯಿತು.

ಮೊದಲ ದಿನ ಇಪ್ಪತ್ತೈದು ನಿಮಿಷ ಹಿಡಿಯಿತು. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳು ಕಾದು ಹೊರಟುಹೋದರು. ಎರಡನೇ ವಾರ ಇನ್ನೂ ಹೆಚ್ಚಾಯಿತು. ಬಹಳ ಮಂದಿ ಇಲ್ಲೇ ಕೈಬಿಡುತ್ತಾರೆ, ದಯವಿಟ್ಟು ಬಿಡಬೇಡಿ. ಅಪ್ಪ ಎಷ್ಟು ಹೊತ್ತು ಕೂರುತ್ತಾನೆ ಎಂದು ಮಗು ಪರೀಕ್ಷಿಸುತ್ತಿರುತ್ತದೆ. ಎರಡು ತಿಂಗಳಿಗೆ ಹತ್ತು ನಿಮಿಷಕ್ಕೆ ಇಳಿಯಿತು. ಈಗ ಮೂರು ನಾಲ್ಕು ನಿಮಿಷ, ಅದೂ ವಾರಕ್ಕೊಮ್ಮೆ.

ಎರಡನೆಯದು ಚೀಟಿಗಳು. ಮಕ್ಕಳಿಬ್ಬರೂ ಎಲ್ಲದಕ್ಕೂ "ಬೇಜಾರು" ಎನ್ನುತ್ತಿದ್ದರು. ಪೆನ್ಸಿಲ್ ಕಳೆದರೂ ಬೇಜಾರು, ಗೆಳೆಯ ಜೊತೆಗೆ ಸೇರಿಸಿಕೊಳ್ಳದಿದ್ದರೂ ಬೇಜಾರು. ಅಮ್ಮನ ಬಾಯಲ್ಲಿ ಇದಕ್ಕೆಲ್ಲ ಬೇರೆ ಬೇರೆ ಶಬ್ದಗಳಿದ್ದವು. ಅವರ ಪಕ್ಕ ಕುಳಿತು ಬರೆದುಕೊಂಡೆ: ಮುನಿಸು, ಪೆಚ್ಚು, ಅಳುಕು, ಕಸಿವಿಸಿ, ಹಳಹಳಿ, ತಳಮಳ, ಹೊಟ್ಟೆಕಿಚ್ಚು, ಕಿರಿಕಿರಿ, ದಿಗಿಲು. ಹದಿನೆಂಟೋ ಇಪ್ಪತ್ತೋ ಆದವು. ಲಗ್ನಪತ್ರಿಕೆಯ ಉಳಿಕೆ ಕಾಗದದಲ್ಲಿ ಅಚ್ಚು ಹಾಕಿ ಲ್ಯಾಮಿನೇಟ್ ಮಾಡಿದೆ. ಖರ್ಚು ಅರವತ್ತು ರೂಪಾಯಿ ದಾಟಲಿಲ್ಲ. ಚಿತ್ರ ಹಾಕಲಿಲ್ಲ. ಶಬ್ದ ದೊಡ್ಡದಾಗಿ, ಅದರ ಕೆಳಗೆ ಮೈಯಲ್ಲಿ ಅದು ಎಲ್ಲಿ ಗೊತ್ತಾಗುತ್ತದೆ ಎಂದು ಬರೆಯಲು ಖಾಲಿ ಗೆರೆ. ಗೆರೆಯನ್ನು ಮಕ್ಕಳೇ ತುಂಬಿದರು. ಪೆಚ್ಚಿಗೆ ಮಗಳು "ಕಿವಿ ಬಿಸಿ" ಎಂದು ಬರೆದಳು. ದಿಗಿಲಿಗೆ ಮಗ "ಅಂಗಾಲು" ಎಂದ. ಅದು ನನಗೆ ಗೊತ್ತೇ ಇರಲಿಲ್ಲ. ಸಿಟ್ಟು ಇಳಿದ ಮೇಲೆ, ರಾತ್ರಿ ಹಾಸಿಗೆಯಲ್ಲಿ, "ಎಲ್ಲಿ ಬಂದಿತ್ತು?" ಎಂದು ಕೇಳುತ್ತೇನೆ. ಏಕೆ ಎಂದು ಕೇಳಬೇಡಿ. ಏಕೆ ಎಂದರೆ ಮಗು ವಕೀಲನಾಗುತ್ತದೆ. ಎಲ್ಲಿ ಎಂದರೆ ತನ್ನೊಳಗೆ ನೋಡಿಕೊಳ್ಳುತ್ತದೆ.

ಚೀಟಿಯ ಆಟವೊಂದಿದೆ, ಅದರ ನಿಯಮಗಳನ್ನು ಇಲ್ಲಿ ಬರೆಯುವುದಿಲ್ಲ. ಸಿಟ್ಟು ಇಳಿಯುವ ಹೊತ್ತಿಗೆ ಮಗನ ಕಿವಿಯಲ್ಲಿ ನಾನು ಹೇಳುವ ಮಾತೂ ಅಷ್ಟೇ. ಅದು ನಮ್ಮಿಬ್ಬರದು. ನಿಮ್ಮ ಮಗುವಿನ ಜೊತೆ ನೀವೇ ಕಂಡುಕೊಂಡರೆ ಮಾತ್ರ ಅಂಥದ್ದು ಫಲಿಸುತ್ತದೆ.

ನಡುವೆ ಒಂದು ನೋಟ್‌ಪುಸ್ತಕದಲ್ಲಿ ಜಗಳಗಳ ಸಮಯ ಬರೆದಿಟ್ಟೆ. ನಲವತ್ತು ನಲವತ್ತೈದು ಆದ ಮೇಲೆ ನೋಡಿದರೆ ಅರ್ಧಕ್ಕಿಂತ ಹೆಚ್ಚು ನಾಲ್ಕೂವರೆಯಿಂದ ಆರರೊಳಗೆ. ಹಸಿವು! ಅಂದಿನಿಂದ ಶಾಲೆಯ ಚೀಲ ಇಳಿಸುವ ಮೊದಲೇ ಮೊಸರವಲಕ್ಕಿ. ತಿಂದು ಮುಗಿಸುವವರೆಗೆ ಒಂದು ಪ್ರಶ್ನೆಯೂ ಇಲ್ಲ. ಈ ಒಂದು ಬಟ್ಟಲು ಅವಲಕ್ಕಿ 4,500ರ ತರಗತಿಗಿಂತ ಹೆಚ್ಚು ಕೆಲಸ ಮಾಡಿತು.

ಇನ್ನೊಂದು ಪ್ರಯೋಗ ಯಕ್ಷಗಾನದ್ದು. ಸಾಗರದ ಕಡೆ ಆಟ ನೋಡಲು ಕರೆದುಕೊಂಡು ಹೋಗಿದ್ದೆ. ಬಣ್ಣದ ವೇಷದ ರಾಕ್ಷಸ ಅಬ್ಬರಿಸುತ್ತಾ ರಂಗಕ್ಕೆ ಬಂದಾಗ ಮಗ ನನ್ನ ತೊಡೆ ಹಿಡಿದುಕೊಂಡು, "ಅವನಿಗೆ ಎಲ್ಲಿ ಸಿಟ್ಟು ಬಂದಿದೆ?" ಎಂದು ಕೇಳಿದ. ಬೆಳಗಿನ ಜಾವ, ವೇಷ ಕಟ್ಟುವ ಚೌಕಿಯಲ್ಲಿ, ಅದೇ ಕಲಾವಿದರು ಬಣ್ಣ ಒರೆಸಿಕೊಂಡು ಚಹಾ ಕುಡಿಯುವುದನ್ನೂ ತೋರಿಸಿದೆ. ಮನೆಗೆ ಬಂದು ಒಂದು ವಾರ ಕನ್ನಡಿಯ ಮುಂದೆ ರೌದ್ರ ಮಾಡುವುದು, ಮುಖ ಒರೆಸಿಕೊಳ್ಳುವುದು, ಮತ್ತೆ ರೌದ್ರ. ಮಗಳ ಮೇಲೆ ಚೀಟಿ ಬಿಟ್ಟು ಇದ್ಯಾವುದೂ ನಡೆಯಲಿಲ್ಲ. ಮಾತು ಬಿಟ್ಟಾಗ ಅವಳು ಚೀಟಿಯನ್ನು ನನ್ನ ಕೀಬೋರ್ಡಿನ ಕೆಳಗೆ ಸಿಕ್ಕಿಸಿ ಹೋಗುತ್ತಾಳೆ. ನಾನು ಓದಿ, ಏನೂ ಹೇಳದೆ, ಅದನ್ನು ಅವಳ ದಿಂಬಿನ ಕೆಳಗೆ ಇಡುತ್ತೇನೆ. ಎರಡು ದಿನದ ಮೌನ ಈಗ ರಾತ್ರಿ ಊಟದ ಹೊತ್ತಿಗೆ ಮುಗಿಯುತ್ತದೆ.

ನಾನು ಮತ್ತೆ ಕೂಗಾಡಿದ್ದೂ ಇದೆ, ನಾಲ್ಕೈದು ಸಲ. ಆಗೆಲ್ಲ ಮಕ್ಕಳ ಮುಂದೆ ಕುಳಿತು "ನನಗೆ ಸಿಟ್ಟು ಬಂದಿತ್ತು, ನಿನ್ನ ಮೇಲೆ ಕೂಗಿದ್ದು ನನ್ನ ತಪ್ಪು" ಎಂದು ಹೇಳಿದ್ದೇನೆ. ಅಪ್ಪ ಕ್ಷಮೆ ಕೇಳಿದರೆ ಮಕ್ಕಳು ತಲೆಯ ಮೇಲೆ ಕೂರುತ್ತಾರೆ ಎಂದು ಹೆದರಿಸಿದವರಿದ್ದರು. ಕುಳಿತಿಲ್ಲ. ಮಗು ತನ್ನನ್ನೇ ಹೊಡೆದುಕೊಳ್ಳುತ್ತಿದ್ದರೆ, ನಿದ್ದೆ ಊಟ ಬಿಟ್ಟಿದ್ದರೆ ಮಾತ್ರ ನನ್ನ ಚೀಟಿ ನಂಬಿ ಕೂರಬೇಡಿ, ವೈದ್ಯರ ಬಳಿ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ.

ಕಳೆದ ತಿಂಗಳು ಅಪ್ಪನ ತಿಥಿ ಇತ್ತು. ನೆಂಟರ ಊಟವಾದ ಮೇಲೆ ಅಮ್ಮ ಒಬ್ಬರೇ ಹಿತ್ತಲ ಮೆಟ್ಟಿಲ ಮೇಲೆ ಹೋಗಿ ಕುಳಿತರು. ದಣಿದಿದ್ದಾರೆ ಎಂದುಕೊಂಡು ನಾವೆಲ್ಲ ಸುಮ್ಮನಿದ್ದೆವು. ಮಗ ಒಂದು ಲೋಟ ನೀರು ತೆಗೆದುಕೊಂಡು ಹೋಗಿ ಅವರ ಪಕ್ಕದಲ್ಲಿಟ್ಟ. ಒಂದು ಮೊಳ ದೂರದಲ್ಲಿ, ಅವರ ಮುಖ ನೋಡದೆ, ಕುಳಿತ. ನಾನು ಬಾಗಿಲ ಹಿಂದೆ ಪಾತ್ರೆ ಹಿಡಿದು ನಿಂತಿದ್ದೆ. ತುಂಬ ಹೊತ್ತಾದ ಮೇಲೆ ಕೇಳಿದ:

"ಅಜ್ಜಿ, ಗಂಟಲಲ್ಲೋ, ಎದೆಯಲ್ಲೋ?"

"ಗಂಟಲಲ್ಲಿ ಕಣೋ" ಎಂದರು ಅಮ್ಮ.

"ಸರಿ. ಹೋಗುವವರೆಗೆ ಕುಳಿತಿರೋಣ."