ಓಟಗಾರನ ಕಣ್ಣಿಗೆ ದುಡ್ಡು ಕೂಡಿಸುವುದು ಹೇಗೆ

ಮಹಾಲಿಂಗಪುರದ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ನಾನು ಗುಮಾಸ್ತ. ಬೆಳಿಗ್ಗೆ ಐದಕ್ಕೆ ಒಬ್ಬ ಹುಡುಗನ ಜೊತೆ ಓಡುತ್ತೇನೆ. ಅವನ ಎಡಗಣ್ಣು ಹುಟ್ಟಿದಾಗಿನಿಂದ ಕಾಣುವುದಿಲ್ಲ. ಬಲಗಣ್ಣಿಗೆ ಕಬ್ಬಿನ ಗರಿ ಹೊಡೆದು, ಹುಣ್ಣಾಗಿ, ಹೂವು ಬಿತ್ತು. ಓಡುವಾಗ ಇಬ್ಬರ ಕೈಯಲ್ಲೂ ಒಂದೇ ಪಟ್ಟಿ. ಅವನ ಅವ್ವನ ಇಳಕಲ್ ಸೀರೆಯ ಅಂಚು ಹರಿದು ಹೆಣೆದದ್ದು. ತಿರುವು ಬಂದರೆ ನಾನು ಬಾಯಿ ಬಿಡಬೇಕಿಲ್ಲ. ಪಟ್ಟಿ ಬಿಗಿಯಾದರೆ ಸಾಕು, ಅವನಿಗೆ ತಿಳಿಯುತ್ತದೆ.

ಅವನ ಆಪರೇಷನ್‌ಗೆ ಊರಲ್ಲಿ ದುಡ್ಡು ಕೂಡಿಸಿದೆವು. ನೀವೂ ಇಂಥ ಕೆಲಸಕ್ಕೆ ಇಳಿಯುವುದಾದರೆ ಮೊದಲು ಓಡುವವನನ್ನೇ ಕೇಳಿ. ಅವನಿಗೆ ಚಿಕಿತ್ಸೆ ಬೇಕಾ? ಪೂರ್ತಿ ಕಾಣದವರು ಅಂಗವಿಕಲರ ಕ್ರೀಡೆಯ ಟಿ11 ಅನ್ನುವ ವರ್ಗದಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಜೊತೆಗಾರನ ಕೈ ನಂಬಿ ಓಡುತ್ತಾರೆ. ನಮ್ಮ ರಾಜ್ಯದ ರಕ್ಷಿತಾ ರಾಜು ಹಾಂಗ್‌ಝೌ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ 1500 ಮೀಟರ್ ಚಿನ್ನ ಗೆದ್ದದ್ದು ಇದೇ ವರ್ಗದಲ್ಲಿ. ದೃಷ್ಟಿ ಬಂದರೆ ವರ್ಗ ಬದಲಾಗಬಹುದು, ಆ ಓಟವೇ ಕೈತಪ್ಪಬಹುದು. ಇದನ್ನು ಅವನಿಗೆ ಬಿಡಿಸಿ ಹೇಳಬೇಕು. ನಮ್ಮ ಹುಡುಗ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, "ಅಣ್ಣಾ, ಮಾಡಸೂಣು. ಆದ್ರ ನನ್ನ ಕಣ್ಣಿನ ಫೋಟೊ ಹಾಕಬ್ಯಾಡ್ರಿ, ಓಡೂ ಫೋಟೊ ಹಾಕ್ರಿ" ಅಂದ. ಹಾಗೇ ಮಾಡಿದೆವು. ಅಳುವ ಮುಖ ತೋರಿಸಿ ದುಡ್ಡು ಕೇಳುವುದು ನನಗೂ ಒಪ್ಪಿಗೆಯಿಲ್ಲ.

ಆಮೇಲೆ ಡಾಕ್ಟರ ಮಾತು ಬರವಣಿಗೆಯಲ್ಲಿ ಬೇಕು. ಹೂವು ಬಿದ್ದಿರುವುದು ಕಣ್ಣಿನ ಮುಂದಿನ ಪಾರದರ್ಶಕ ಪದರಕ್ಕೆ, ಅಂದರೆ ಕಾರ್ನಿಯಾಕ್ಕೆ. ದಾನ ಬಂದ ಕಾರ್ನಿಯಾ ಹೊಲಿದರೆ ಕಾಣುವ ಸಾಧ್ಯತೆ ಇರುತ್ತದೆ. ಹಿಂದಿನ ನರವೇ ಸತ್ತಿದ್ದರೆ ಕಾರ್ನಿಯಾ ಬದಲಿಸಿಯೂ ಉಪಯೋಗವಿಲ್ಲ. ಇಡೀ ಕಣ್ಣನ್ನೇ ಬದಲಿಸಿ ದೃಷ್ಟಿ ತರುವ ಆಪರೇಷನ್ ಇಲ್ಲ. "ಇಷ್ಟು ಕೊಡಿ, ಕಣ್ಣು ಕೊಡಿಸ್ತೇವೆ" ಅನ್ನುವವರು ಸಿಕ್ಕರೆ ದೂರ ಇರಿ. ದಾನದ ಕಣ್ಣನ್ನು ಮಾರುವುದು 1994ರ ಅಂಗಾಂಗ ಕಸಿ ಕಾಯ್ದೆ ಪ್ರಕಾರ ಅಪರಾಧ.

ಊರವರ ಹತ್ತಿರ ಹೋಗುವ ಮೊದಲು ಸರ್ಕಾರದ ಬಾಗಿಲು ತಟ್ಟಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜಿನ 30%, ಗರಿಷ್ಠ 1.5 ಲಕ್ಷ. ನಿಮ್ಮ ಚಿಕಿತ್ಸೆ ಅದರಲ್ಲಿ ಬರುತ್ತದಾ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. ಆಸ್ಪತ್ರೆಯ ಖರ್ಚಿನ ಅಂದಾಜು ಪತ್ರ ಇಟ್ಟು ಮುಖ್ಯಮಂತ್ರಿ ಪರಿಹಾರ ನಿಧಿಗೂ ಅರ್ಜಿ ಹಾಕಬಹುದು. ಉಳಿದದ್ದಕ್ಕೆ ಮಾತ್ರ ಜನರ ಮುಂದೆ ಕೈ ಚಾಚಿ. ಆ ಲೆಕ್ಕದಲ್ಲಿ ಆಪರೇಷನ್ ಮಾತ್ರ ಬರೆದರೆ ಸಾಲದು. ಕಣ್ಣಿಗೆ ತಿಂಗಳುಗಟ್ಟಲೆ ಹನಿ ಹಾಕಬೇಕು, ಪದೇ ಪದೇ ತಪಾಸಣೆಗೆ ಹೋಗಬೇಕು. ಹೋದ ದಿನ ಅವನವ್ವನ ಕೂಲಿಯೂ ಹೋಗುತ್ತದೆ. ಅದನ್ನೂ ನಾವು ಸೇರಿಸಿದೆವು.

ಖಾತೆಯ ವಿಷಯದಲ್ಲಿ ನಾನೇ ತಪ್ಪಿದೆ. ಮೊದಲ ವಾರ ನನ್ನ ಫೋನ್ ನಂಬರಿಗೇ ದುಡ್ಡು ಹಾಕಿಸಿಕೊಂಡೆ. ಚಹಾದಂಗಡಿಯಲ್ಲಿ ಒಬ್ಬರು "ಎಷ್ಟು ಬಂತು?" ಅಂತ ಎಲ್ಲರ ಮುಂದೆ ಕೇಳಿದಾಗ ಸರಿಯಾಗಿ ಹೇಳಲಾಗಲಿಲ್ಲ. ನನ್ನ ಸಂಬಳ, ದಿನಸಿ, ಜನರ ದುಡ್ಡು ಎಲ್ಲ ಒಂದೇ ಕಡೆ ಕಲೆತಿತ್ತು. ಆ ರಾತ್ರಿ ಕೂತು ಬಿಡಿಸಿ ಬರೆದೆ. ನೀವು ಮೊದಲೇ ಬೇರೆ ಖಾತೆ ತೆರೆಯಿರಿ, ಅದೂ ಅವನ ಹೆಸರು ಸೇರಿಸಿ. ಕಣ್ಣು ಕಾಣದವರಿಗೂ ಚೆಕ್ ಬುಕ್, ಎಟಿಎಂ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿದೆ. ದೊಡ್ಡ ಮೊತ್ತ ಕೊಡುವವರು ನೇರ ಆಸ್ಪತ್ರೆಗೇ ಕಟ್ಟಿದರೆ ಇನ್ನೂ ಒಳ್ಳೆಯದು. ಯಾಕಂದರೆ ಸಂಬಂಧಿಕರಲ್ಲದವರಿಂದ ವರ್ಷದಲ್ಲಿ ಒಟ್ಟು 50,000 ರೂಪಾಯಿಗಿಂತ ಜಾಸ್ತಿ ಬಂದರೆ ಆ ಪೂರ್ತಿ ಮೊತ್ತ ಆದಾಯ ತೆರಿಗೆ ಲೆಕ್ಕಕ್ಕೆ ಬರುತ್ತದೆ. ಒಬ್ಬ ಆಡಿಟರನ್ನು ಮೊದಲೇ ಕೇಳಿಕೊಳ್ಳಿ.

ಕೊಟ್ಟವರ ಪಟ್ಟಿಯನ್ನು ಗೋಡೆಗೆ ಅಂಟಿಸಿ. ನಮ್ಮ ಸಂಘದ ಬಾಗಿಲ ಪಕ್ಕ ಹಾಳೆ ಇತ್ತು. ಕಾಯಿಪಲ್ಲೆ ಮಾರುವ ಒಬ್ಬ ಅಜ್ಜಿ ಇಪ್ಪತ್ತು ರೂಪಾಯಿ ಕೊಟ್ಟಿದ್ದಳು. ಪ್ರತಿ ಸಂತೆಗೆ ಬಂದು, "ನನ್ನ ಇಪ್ಪತ್ತು ಎಲ್ಲೈತಿ ತೋರಸಪಾ" ಅನ್ನುವಳು. ಓದಲು ಬರುವುದಿಲ್ಲ. ನಾನು ತೋರಿಸಿದ ಸಾಲಿನ ಮೇಲೆ ಬೆರಳಿಟ್ಟು, ಸ್ವಲ್ಪ ಹೊತ್ತು ಹಾಗೇ ನಿಂತು, ಹೋಗುವಳು. ನಾಲ್ಕನೇ ಸಂತೆಗೆ ಇನ್ನೂ ಮೂವರನ್ನು ಕರೆದುಕೊಂಡು ಬಂದಳು.

ಕೇಳುವ ಹೊತ್ತೂ ಮುಖ್ಯ. ನಮ್ಮ ಕಡೆ ಕಬ್ಬಿನ ಬಿಲ್ ಕೈಗೆ ಬಂದಾಗ ಕೇಳಬೇಕು. ಬಿತ್ತನೆ ಖರ್ಚಿನ ಹೊತ್ತಲ್ಲಿ ಕೇಳಿದರೆ ಸುಮ್ನೆ ಅವರಿಗೂ ಸಂಕಟ. ಶಾಲೆ ಮೈದಾನದಲ್ಲಿ ಒಂದು ಭಾನುವಾರ ನೂರು ಮೀಟರ್ ಓಟ ಇಟ್ಟೆವು: ನೂರು ರೂಪಾಯಿ ಕೊಡಿ, ಕಣ್ಣು ಕಟ್ಟಿಕೊಳ್ಳಿ, ನಮ್ಮ ಹುಡುಗನ ಪಟ್ಟಿ ಹಿಡಿದು ಓಡಿ. ನಾನು ಇನ್ನೊಂದು ಬದಿಯಲ್ಲಿ ಅವನ ಕೈ ಹಿಡಿದಿದ್ದೆ. ಟ್ರ್ಯಾಕ್ಟರ್ ಓಡಿಸುವ ಗಟ್ಟಿ ಆಳು ಹತ್ತು ಹೆಜ್ಜೆಗೆ ನಿಂತುಬಿಟ್ಟ. ಹುಡುಗ, "ಕಾಕಾ, ನಾ ಅದೀನಿ, ಬರ್ರಿ" ಅಂದ. ಆ ಕಾಕಾ ಓಟ ಮುಗಿಸಿ, ಕಣ್ಣಿನ ಪಟ್ಟಿ ಬಿಚ್ಚಿ, ಐದು ನೂರರ ನೋಟು ಇಟ್ಟರು.

ಆಪರೇಷನ್ ಆಗದಿದ್ದರೆ ದುಡ್ಡು ಏನು ಮಾಡುತ್ತೀರಿ ಅನ್ನುವುದನ್ನು ಮೊದಲ ದಿನವೇ ಬರೆದು ಅಂಟಿಸಿ. ಕೇಳಿದವರಿಗೆ ವಾಪಸ್, ಉಳಿದದ್ದು ಇನ್ನೊಬ್ಬರ ಕಣ್ಣಿಗೆ ಅಂತ ನಾವು ಬರೆದಿದ್ದೆವು.

ಕೊನೆಗೆ, ಐದು ಸಾವಿರ ನಗದು ಮತ್ತು ಒಬ್ಬ ಕಾರಿನವರ ನಂಬರ್ ಸದಾ ಕೈಯಲ್ಲಿರಲಿ. ಸತ್ತವರ ಕಣ್ಣನ್ನು ಆರು ಗಂಟೆಯೊಳಗೆ ತೆಗೆಯಬೇಕು, ತೆಗೆದ ಮೇಲೂ ಕಾರ್ನಿಯಾ ಬಹಳ ದಿನ ಉಳಿಯುವುದಿಲ್ಲ. ಹಾಗಾಗಿ ಆಸ್ಪತ್ರೆಯ ಕರೆ ಹೇಳದೆ ಬರುತ್ತದೆ. ನಮಗೆ ರಾತ್ರಿ ಒಂಬತ್ತೂವರೆಗೆ ಬಂತು. ಅವನವ್ವ ರೊಟ್ಟಿ ಕಟ್ಟುವಷ್ಟರಲ್ಲಿ ಕಾರು ಬಾಗಿಲಲ್ಲಿತ್ತು. ಹುಬ್ಬಳ್ಳಿಯವರೆಗೂ ಹುಡುಗ ಆ ಸೀರೆಯ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡೇ ಕೂತಿದ್ದ.